ಒಂದೇ ಕಪ್ಪಿಗೆ ಇಷ್ಟೊಂದು ಸಡಗರವೇ?

ಓದುಗರ ಪತ್ರ (2024): ‘ಸಂಪಾದಕರೇ, ಹೋದ ಸಂಚಿಕೆಯಲ್ಲಿ ಇಟಲಿಯ ಅಟಲಾಂಟಾ ಫುಟ್‌ಬಾಲ್ ಕ್ಲಬ್ಬಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. “ಯುರೋಪಿನ ಈ ವರ್ಷದ ತಂಡ” ಅಂತ ತಲೆಬರಹ ಬೇರೆ. ಇಟಲಿಯ ಲೀಗಿನಲ್ಲಿ ಅವರದು ನಾಲ್ಕನೇ ಸ್ಥಾನ, 11 ಸೋಲು. ಇಟಲಿಯ ಕಪ್ ಪಂದ್ಯಾವಳಿ ಕೊಪ್ಪಾ ಇಟಾಲಿಯಾದ ಫೈನಲ್‌ನಲ್ಲೂ ಸೋಲು. ಗೆದ್ದಿದ್ದು ಯುರೋಪಿನ ಕ್ಲಬ್ಬುಗಳ ಎರಡನೇ ದರ್ಜೆಯ ಪಂದ್ಯಾವಳಿ ಯುರೋಪಾ ಲೀಗ್ ಒಂದೇ. 94 ಪಾಯಿಂಟ್ ತೆಗೆದು ಚಾಂಪಿಯನ್ ಆದ ಇಂಟರ್‌ಗೆ ಮಾತ್ರ ಒಂದೇ ಪುಟ! ಇದು ಯಾವ ನ್ಯಾಯ? ಎರಡು ಕಡೆ “ಅಟ್ಲಾಂಟಾ” ಅಂತ ಅಚ್ಚಾಗಿದೆ. ಅದು ಅಮೆರಿಕದ ಊರು.’ – ದಾವಣಗೆರೆಯ ಓದುಗರೊಬ್ಬರು

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸ್ವಲ್ಪ ಸಿಟ್ಟು ಬಂತು. ಎರಡನೇ ಸಲ ಓದುವಾಗ ಅರ್ಧಕ್ಕರ್ಧ ಸರಿ ಇದೆಯಲ್ಲ ಅನ್ನಿಸಿತು. ಆ ಅರ್ಧವನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ.

ತಲೆಬರಹ ಜಾಸ್ತಿ ಆಯಿತು. ಪತ್ರಿಕೆ ಅಚ್ಚಿಗೆ ಹೋಗುವಾಗ ರಿಯಲ್ ಮ್ಯಾಡ್ರಿಡ್ ಇನ್ನೂ ಯುರೋಪಿನ ಅತಿ ದೊಡ್ಡ ಕ್ಲಬ್ ಪಂದ್ಯಾವಳಿ ಚಾಂಪಿಯನ್ಸ್ ಲೀಗಿನ ಫೈನಲ್ ಆಡಿರಲಿಲ್ಲ. ಜೂನ್ 1ಕ್ಕೆ ಅದನ್ನೂ ಗೆದ್ದು ಅವರು ನಮ್ಮ ತಲೆಬರಹವನ್ನು ಹರಿದು ಹಾಕಿದರು. ನಿಜ ಹೇಳಬೇಕೆಂದರೆ ಅದು ಡಬ್ಲಿನ್‌ನಲ್ಲಿ ಯುರೋಪಾ ಲೀಗ್ ಫೈನಲ್ ಮುಗಿದ ಮೇಲೆ, ನಮ್ಮ ಗಡಿಯಾರದಲ್ಲಿ ರಾತ್ರಿ ಎರಡೂವರೆ ಹೊತ್ತಿಗೆ, ನಿದ್ದೆಗಣ್ಣಿನಲ್ಲಿ ಹೊಳೆದ ಹೆಸರು. ಬೆಳಿಗ್ಗೆ ಕಾಫಿ ಕುಡಿದ ಮೇಲೆ ಬದಲಿಸಬಹುದಿತ್ತು. ಬದಲಿಸಲಿಲ್ಲ.

ಇಂಟರ್ ವಿಷಯದಲ್ಲೂ ನಿಮ್ಮ ದೂರು ನ್ಯಾಯವಾದದ್ದೇ. 38 ಪಂದ್ಯದಲ್ಲಿ ಎರಡೇ ಸೋಲು. ಏಪ್ರಿಲ್ 22ಕ್ಕೆ ಒಂದೇ ಊರಿನ ಎದುರಾಳಿ ಮಿಲಾನ್ ತಂಡವನ್ನೇ ಸೋಲಿಸಿ ಇಪ್ಪತ್ತನೇ ಲೀಗ್ ಪ್ರಶಸ್ತಿ ಎತ್ತಿಕೊಂಡರು. ಇನ್ನೊಂದು ಪುಟ ಕೊಡಬಹುದಿತ್ತು. ಆದರೆ ಆ ಸುದ್ದಿಯಲ್ಲಿ ಅಚ್ಚರಿ ಏನಿತ್ತು ಹೇಳಿ? ಮಾರ್ಚ್‌ಗೇ ಎಲ್ಲರಿಗೂ ಗೊತ್ತಿತ್ತು ಯಾರು ಗೆಲ್ಲುತ್ತಾರೆ ಅಂತ.

ಇನ್ನು ನಾನು ಒಪ್ಪದ ಅರ್ಧ.

‘ಎರಡನೇ ದರ್ಜೆ’ ಅಂದಿರಲ್ಲ, ಆ ಮಾತಿನಿಂದ ಶುರು ಮಾಡೋಣ. ಚಾಂಪಿಯನ್ಸ್ ಲೀಗ್ ದೊಡ್ಡದು, ಅದರಲ್ಲಿ ವಾದವಿಲ್ಲ. ಆದರೆ ಅಟಲಾಂಟಾ ಈ ಕಪ್ಪಿಗೆ ಬಂದ ದಾರಿ ನೋಡಿ. ಗುಂಪಿನಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಇತ್ತು, ಹದಿನಾರರ ಸುತ್ತಿನಲ್ಲಿ ಮತ್ತೆ ಅದೇ ಸ್ಪೋರ್ಟಿಂಗ್ ಸಿಕ್ಕಿತು. ಕ್ವಾರ್ಟರ್‌ಫೈನಲ್‌ನಲ್ಲಿ ಲಿವರ್‌ಪೂಲ್, ಸೆಮಿಯಲ್ಲಿ ಫ್ರಾನ್ಸಿನ ಮಾರ್ಸೆ. ಫೈನಲ್‌ನಲ್ಲಿ ಬಾಯರ್ ಲೆವರ್ಕೂಸೆನ್. ಆ ಲೆವರ್ಕೂಸೆನ್ ಅಷ್ಟರಲ್ಲಿ ಸತತ 51 ಪಂದ್ಯ ಸೋಲದೇ ಬಂದಿತ್ತು. ಜರ್ಮನ್ ಲೀಗನ್ನು ಒಂದೂ ಸೋಲಿಲ್ಲದೆ ಗೆದ್ದಿತ್ತು. ಇಂಥವರನ್ನು ದಾಟಿ ತಂದ ಕಪ್ಪು ಯಾವ ದರ್ಜೆಯದು ಅಂತ ನೀವೇ ಹೇಳಿ.

ಲಿವರ್‌ಪೂಲ್ ಪಂದ್ಯವನ್ನು ಸ್ವಲ್ಪ ನಿಂತು ನೋಡಬೇಕು. ಏಪ್ರಿಲ್ 11, ಆನ್‌ಫೀಲ್ಡ್ ಮೈದಾನ. ಅಲ್ಲಿಗೆ ಹೋಗಿ ಗೆದ್ದು ಬರೋದು ಅಂದರೆ ಹುಡುಗಾಟವಲ್ಲ. ಅವತ್ತು 38ನೇ ನಿಮಿಷಕ್ಕೆ ಸ್ಕಮಾಕ್ಕಾ ಒಂದು ಗೋಲು, ಅರವತ್ತನೇ ನಿಮಿಷಕ್ಕೆ ಅವನೇ ಇನ್ನೊಂದು, ಕೊನೆಗೆ ಪಾಸಾಲಿಚ್ ಮೂರನೆಯದು. 0–3. ಈ ಸ್ಕಮಾಕ್ಕಾ ಹಿಂದಿನ ವರ್ಷ ಲಂಡನ್ನಿನ ವೆಸ್ಟ್ ಹ್ಯಾಮ್‌ನಲ್ಲಿದ್ದ. ಅಲ್ಲಿ ನೆಲೆ ಸಿಗದೆ ಇಟಲಿಗೆ ವಾಪಸ್ ಬಂದವನು. ಎರಡನೇ ಪಂದ್ಯವನ್ನು ಅಟಲಾಂಟಾದ ಊರು ಬೆರ್ಗಾಮೊದಲ್ಲಿ ಲಿವರ್‌ಪೂಲ್ 1–0ರಲ್ಲಿ ಗೆದ್ದಿತು. ಎರಡೂ ಪಂದ್ಯದ ಗೋಲು ಕೂಡಿಸಿ ನೋಡುವುದರಿಂದ ಅಷ್ಟು ಸಾಲಲಿಲ್ಲ.

ಆಟದ ಕ್ರಮ ಏನು ಅಂತ ಬೇರೆ ಓದುಗರೂ ಕೇಳಿದ್ದಾರೆ. ಈ ಸೀಸನ್‌ನ ಕೋಚ್ ಜಾನ್ ಪಿಯೆರೊ ಗಾಸ್ಪೆರಿನಿ ಮಾಡೋದು ಹೇಳೋಕೆ ಸುಲಭ, ಆಡೋಕೆ ಕಷ್ಟ. ಈಗಿನ ಹೆಚ್ಚಿನ ತಂಡಗಳು ಮೈದಾನದಲ್ಲಿ ಜಾಗ ಹಂಚಿಕೊಂಡು ಕಾಯುತ್ತವೆ. ಗಾಸ್ಪೆರಿನಿ ಜಾಗ ಹಂಚೋದಿಲ್ಲ, ಆಳು ಹಂಚುತ್ತಾರೆ. ನಿನಗೆ ಇವನು, ನಿನಗೆ ಅವನು. ಆ ಆಳು ಎಲ್ಲಿಗೆ ಹೋದರೂ ನೀನು ಹೋಗು. ಬಡ್ಡಿ ವಸೂಲಿಗೆ ಬಂದವನು ಸಾಲಗಾರನ ಬೆನ್ನು ಬಿಡ್ತಾನಾ? ಹಾಗೆ. ಎದುರಾಳಿ ಮಿಡ್‌ಫೀಲ್ಡರ್ ಚೆಂಡು ಕೇಳೋಕೆ ತನ್ನ ಗೋಲಿನ ಹತ್ತಿರ ಓಡಿದರೆ, ಅಟಲಾಂಟಾದ ಡಿಫೆಂಡರ್ ತನ್ನ ಜಾಗ ಬಿಟ್ಟು ಅಲ್ಲಿಗೂ ಬೆನ್ನು ಹತ್ತಿರುತ್ತಾನೆ. ಚೆಂಡು ಹಿಡಿದು ತಿರುಗೋ ಹೊತ್ತಿಗೆ ಅದೇ ಮುಖ ಎದುರಿಗೆ! ಹತ್ತು ನಿಮಿಷ ಹೀಗಾದರೆ ಯಾರಿಗಾದರೂ ರೇಗುತ್ತದೆ. ಅಪಾಯವೂ ಇದರಲ್ಲೇ ಇದೆ. ಒಬ್ಬ ಜಾರಿದರೆ ಹಿಂದೆ ಯಾರೂ ಇಲ್ಲ. ಲೀಗಿನ 11 ಸೋಲು ಅಂದಿರಲ್ಲ, ಅದರಲ್ಲಿ ಕೆಲವಕ್ಕಾದರೂ ಕಾರಣ ಇದೇ. ಮೂರು ದಿನಕ್ಕೊಂದು ಪಂದ್ಯ ಇರುವಾಗ ಕಾಲು ಸೋಲುತ್ತದೆ. ಕಾಲು ಸೋತರೆ ಈ ಆಟ ನಡೆಯಲ್ಲ.

ಈ ಸೀಸನ್‌ನಲ್ಲಿ ಅವರು ಆಡಿದ್ದು ಒಟ್ಟು 56 ಪಂದ್ಯ. ಲೀಗಿನಲ್ಲಿ 38, ಯುರೋಪಿನಲ್ಲಿ 13, ಕೊಪ್ಪಾದಲ್ಲಿ 5. ಅದೂ ಹೊಸ ತಂಡ ಕಟ್ಟಿಕೊಂಡು. ಸೀಸನ್ ಶುರುವಾಗುವ ಮೊದಲೇ ಹಯ್ಲುಂಡ್ ಎಂಬ ಡೆನ್ಮಾರ್ಕಿನ ಹುಡುಗನನ್ನು ಮ್ಯಾಂಚೆಸ್ಟರ್ ಯುನೈಟೆಡ್ ದೊಡ್ಡ ದುಡ್ಡು ಕೊಟ್ಟು ಕೊಂಡೊಯ್ದಿತ್ತು. ಅಟಲಾಂಟಾ ಬದುಕೋದೇ ಹೀಗೆ. ಬೆಳೆಸೋದು, ಮಾರೋದು, ಮತ್ತೆ ಬೆಳೆಸೋದು. ಮಿಲಾನ್‌ನಲ್ಲಿ ಒಂದು ವರ್ಷ ಇದ್ದು ಒಂದೂ ಗೋಲು ಹೊಡೆಯದ ಡಿ ಕೆಟೆಲಾರೆ ಕೂಡ ಎರವಲು ಆಟಗಾರನಾಗಿ ಇಲ್ಲಿಗೆ ಬಂದು ಮೈ ಚಳಿ ಬಿಟ್ಟು ಆಡಿದ.

ಈಗ ಮೇ ತಿಂಗಳ ಆ ಎಂಟು ದಿನ. ನಾಲ್ಕು ಪುಟ ಕೊಟ್ಟಿದ್ದೇ ಇದಕ್ಕಾಗಿ.

ಮೇ 15ರ ಬುಧವಾರ, ರೋಮ್, ಕೊಪ್ಪಾ ಇಟಾಲಿಯಾ ಫೈನಲ್, ಎದುರಿಗೆ ಯುವೆಂಟಸ್. ಸ್ಕಮಾಕ್ಕಾ ಅಮಾನತಿನಲ್ಲಿದ್ದ. ಸೆಮಿಫೈನಲ್‌ನಲ್ಲಿ ಗಾಳಿಯಲ್ಲಿ ಮಲಗಿ ಫಿಯೊರೆಂಟಿನಾಗೆ ಗೋಲು ಹೊಡೆದವನೇ ಫೈನಲ್‌ಗೆ ಇಲ್ಲ. ನಾಲ್ಕನೇ ನಿಮಿಷಕ್ಕೆ ವ್ಲಾಹೊವಿಚ್ ಗೋಲು. ಮುಗಿಯಿತು, 0–1. ಗಾಸ್ಪೆರಿನಿ ಅಡಿಯಲ್ಲಿ ಇದು ಮೂರನೇ ಕೊಪ್ಪಾ ಫೈನಲ್, ಮೂರನೇ ಸೋಲು. 2019ರಲ್ಲಿ ಲಾಜಿಯೊ, 2021ರಲ್ಲಿ ಇದೇ ಯುವೆಂಟಸ್. ಸಾಲದ್ದಕ್ಕೆ ಮಿಡ್‌ಫೀಲ್ಡಿನ ಬೆನ್ನೆಲುಬು ಡಿ ರೋನ್ ಅವತ್ತೇ ಗಾಯಗೊಂಡು ಕೂತ.

ಮೇ 18, ಲೆಚ್ಚೆ. ಇಟಲಿಯ ಭೂಪಟವನ್ನು ಬೂಟಿನ ಹಾಗೆ ನೋಡಿದರೆ ಬೆರ್ಗಾಮೊ ಮೇಲ್ತುದಿ, ಲೆಚ್ಚೆ ಹಿಮ್ಮಡಿ. ಅಲ್ಲಿಗೆ ಹೋಗಿ 2–0ರಲ್ಲಿ ಗೆದ್ದರು. ಮುಂದಿನ ವರ್ಷದ ಚಾಂಪಿಯನ್ಸ್ ಲೀಗ್ ಜಾಗ ಅಲ್ಲಿಗೆ ಗಟ್ಟಿಯಾಯಿತು.

ಮೇ 22ರ ಬುಧವಾರ, ಡಬ್ಲಿನ್. ನಮಗೆ ಅದು ಗುರುವಾರ ನಸುಕಿನ ಹನ್ನೆರಡೂವರೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಫೈನಲ್‌ಗೆ ಮುಂಚಿನ ಸಂಚಿಕೆಯಲ್ಲಿ ‘ಲೆವರ್ಕೂಸೆನ್ ಆರಾಮಾಗಿ ಗೆಲ್ಲುತ್ತದೆ’ ಅಂತ ಬರೆದವನು ನಾನೇ. ಮನೆಯಲ್ಲಿ ಎಲ್ಲರೂ ಮಲಗಿದ್ದರು. ಟಿವಿ ಸೌಂಡ್ ಪೂರ್ತಿ ಕಡಿಮೆ ಮಾಡಿ ಕೂತಿದ್ದೆ. 12ನೇ ನಿಮಿಷಕ್ಕೆ ಬಲಗಡೆಯಿಂದ ಜಪಾಕೋಸ್ತಾ ಚೆಂಡು ಒಳಗೆ ಕಳಿಸಿದ. ಡಿಫೆಂಡರ್‌ಗೆ ಹಿಂದೆ ಯಾರಿದ್ದಾರೆ ಅನ್ನೋ ಅರಿವೇ ಇರಲಿಲ್ಲ. ಬೆನ್ನ ಹಿಂದಿನಿಂದ ಅಡೆಮೊಲಾ ಲುಕ್‌ಮನ್ ನುಗ್ಗಿ ಹೊಡೆದ. 26ನೇ ನಿಮಿಷಕ್ಕೆ ಅವನೇ ಗ್ರಾನಿತ್ ಶಾಕಾನ ಎರಡು ಕಾಲಿನ ನಡುವೆ ಚೆಂಡು ತೂರಿಸಿ, ಒಂದು ಹೆಜ್ಜೆ ಸರಿದು, ಬಲಗಾಲಲ್ಲಿ ಬಾಗಿಸಿ ದೂರದ ಮೂಲೆಗೆ ಇಟ್ಟ. ಗೋಲ್‌ಕೀಪರ್ ಹಾರಿದ್ದು ಬರೀ ಫೋಟೊಗೆ. ಸುಮ್ಮನಿರಲಾಗದೆ ನಾನು ತೊಡೆ ತಟ್ಟಿದ್ದಕ್ಕೆ ಒಳಗಿನಿಂದ ‘ಇನ್ನೂ ಮಲಗಿಲ್ವಾ?’ ಅಂತ ದನಿ ಬಂತು. 75ನೇ ನಿಮಿಷಕ್ಕೆ ಮೂರನೆಯದು, ಈ ಸಲ ಎಡಗಾಲು. ಡಿಫೆಂಡರ್ ಎದುರಿಗೆ ಚೆಂಡಿನ ಮೇಲೆ ಕಾಲಾಡಿಸಿ, ಒಂದು ಪಕ್ಕಕ್ಕೆ ಎಳೆದುಕೊಂಡು, ಮೇಲಿನ ಮೂಲೆಗೆ ಬಡಿದ. 3–0. ಮೂರೂ ಗೋಲು ಒಬ್ಬನವೇ. 51 ಪಂದ್ಯದ ಸರಪಳಿ ಕಡಿದುಬಿತ್ತು.

ಈ ಲುಕ್‌ಮನ್ ಯಾರು ಗೊತ್ತೇ? ಲಂಡನ್ನಿನಲ್ಲಿ ಹುಟ್ಟಿ ನೈಜೀರಿಯಾಕ್ಕೆ ಆಡುವವನು. 2020ರ ನವೆಂಬರ್‌ನಲ್ಲಿ ಫುಲಂ ತಂಡದಲ್ಲಿದ್ದಾಗ, ವೆಸ್ಟ್ ಹ್ಯಾಮ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಪೆನಾಲ್ಟಿ ಸಿಕ್ಕಿತ್ತು. ಹೊಡೆದಿದ್ದರೆ ಸಮ. ಇವನು ಜಾಣತನ ತೋರಿಸಲು ಹೋಗಿ ಚೆಂಡನ್ನು ಮೆಲ್ಲಗೆ ಚಿಮ್ಮಿಸಿದ. ಗೋಲ್‌ಕೀಪರ್ ಹೂ ಹಿಡಿದ ಹಾಗೆ ಹಿಡಿದ. ಇಂಗ್ಲೆಂಡಿನಲ್ಲಿ ಅದನ್ನು ಎಷ್ಟು ಸಲ ತೋರಿಸಿ ನಕ್ಕರೋ! ಎವರ್ಟನ್, ಲೈಪ್‌ಜಿಗ್, ಫುಲಂ, ಲೆಸ್ಟರ್ ಅಂತ ಊರೂರು ಸುತ್ತಿ 2022ರಲ್ಲಿ ಬೆರ್ಗಾಮೊಗೆ ಬಂದ. ಗೋಲಿನ ಹತ್ತಿರ ಆಡು ಅಂತ ಗಾಸ್ಪೆರಿನಿ ಅವನನ್ನು ಮುಂದಕ್ಕೆ ತಳ್ಳಿದರು. ಉಳಿದದ್ದನ್ನು ನೀವೂ ನೋಡಿದ್ದೀರಿ.

ಗಾಸ್ಪೆರಿನಿಯದೂ ಅಂಥದೇ ಕತೆ. 2011ರಲ್ಲಿ ಇಂಟರ್ ಅವರನ್ನು ಐದು ಪಂದ್ಯಕ್ಕೇ ಮನೆಗೆ ಕಳಿಸಿತ್ತು, ಅದರಲ್ಲಿ ಒಂದೂ ಗೆದ್ದಿರಲಿಲ್ಲ. 2016ರಲ್ಲಿ ಅಟಲಾಂಟಾಗೆ ಬಂದಾಗಲೂ ಮೊದಲ ಐದು ಲೀಗ್ ಪಂದ್ಯದಲ್ಲಿ ನಾಲ್ಕು ಸೋಲು. ಆಗಲೇ ತೆಗೆದುಹಾಕಿದ್ದರೆ ಈ ಪತ್ರವೂ ಇರುತ್ತಿರಲಿಲ್ಲ, ಉತ್ತರವೂ ಇರುತ್ತಿರಲಿಲ್ಲ. ಡಬ್ಲಿನ್‌ನಲ್ಲಿ ಗೆದ್ದಾಗ ಅವರಿಗೆ 66 ವರ್ಷ. ಕೋಚ್ ಆಗಿ ಗೆದ್ದ ಮೊದಲ ದೊಡ್ಡ ಕಪ್ಪು ಇದು.

ಕ್ಲಬ್ಬಿಗೆ? 1907ರಲ್ಲಿ ಹುಟ್ಟಿದ ಕ್ಲಬ್ಬಿಗೆ ಇದು ಎರಡನೇ ದೊಡ್ಡ ಕಪ್ಪು. ಮೊದಲನೆಯದು 1963ರ ಕೊಪ್ಪಾ ಇಟಾಲಿಯಾ. ಅವತ್ತು ಟೊರಿನೊ ವಿರುದ್ಧ 3–1. ಮೂರೂ ಗೋಲು ಆಂಜೆಲೊ ದೊಮೆಂಗಿನಿಯವು. ಅಂದರೆ 117 ವರ್ಷದಲ್ಲಿ ಎರಡು ಕಪ್ಪು, ಎರಡೂ ಫೈನಲ್‌ನಲ್ಲಿ ಒಬ್ಬನೇ ಮೂರು ಗೋಲು. ಇಟಲಿ ಲೆಕ್ಕದಲ್ಲೂ ಇದು ಸಣ್ಣದಲ್ಲ. 1999ರಲ್ಲಿ ಪಾರ್ಮಾ ಗೆದ್ದ ಮೇಲೆ ಈ ಕಪ್ಪು ಆ ದೇಶಕ್ಕೆ ಬಂದೇ ಇರಲಿಲ್ಲ. 2020ರಲ್ಲಿ ಇಂಟರ್, 2023ರಲ್ಲಿ ರೋಮಾ ಫೈನಲ್ ತನಕ ಹೋಗಿ ಬರಿಗೈಲಿ ಬಂದಿದ್ದವು.

ಊರಿನ ವಿಷಯ ಹೇಳದಿದ್ದರೆ ಉತ್ತರ ಪೂರ್ತಿಯಾಗಲ್ಲ. ಬೆರ್ಗಾಮೊದವರು ತಂಡವನ್ನು ‘ಲಾ ದೇಯಾ’ ಅಂತಾರೆ, ಅಂದರೆ ದೇವಿ. ಗ್ರೀಕ್ ಪುರಾಣದಲ್ಲಿ ಅಟಲಾಂಟಾ ಓಟದಲ್ಲಿ ಯಾರಿಗೂ ಸಿಗದ ಹೆಣ್ಣು. ಆ ಊರಿನಲ್ಲಿ ಮಗು ಹುಟ್ಟಿದರೆ ಕ್ಲಬ್ ಕಡೆಯಿಂದ ಕಪ್ಪು-ನೀಲಿ ಬಣ್ಣದ ಪುಟ್ಟ ಜೆರ್ಸಿ ಕೊಡುತ್ತಾರೆ. 2020ರ ಫೆಬ್ರುವರಿ 19ಕ್ಕೆ ಇದೇ ತಂಡ ಮಿಲಾನ್‌ನ ಸಾನ್ ಸಿರೊದಲ್ಲಿ ವಲೆನ್ಸಿಯಾವನ್ನು 4–1ರಲ್ಲಿ ಸೋಲಿಸಿದಾಗ ಊರಿಗೆ ಊರೇ ಬಸ್ಸು ಹತ್ತಿ ಹೋಗಿತ್ತು. ಸುಮಾರು 40 ಸಾವಿರ ಜನ. ಕುಣಿದರು, ತಬ್ಬಿಕೊಂಡರು. ಕೊರೊನಾ ಹರಡಲು ಆ ರಾತ್ರಿಯೂ ಒಂದು ಕಾರಣ ಅಂತ ಆಮೇಲೆ ಮಾತು ಬಂತು. ತಿಂಗಳು ತುಂಬುವಷ್ಟರಲ್ಲಿ ಬೆರ್ಗಾಮೊ ಬೀದಿಯಲ್ಲಿ ಸೈನ್ಯದ ಲಾರಿಗಳು ಸಾಲಾಗಿ ಹೆಣದ ಪೆಟ್ಟಿಗೆ ಸಾಗಿಸುತ್ತಿದ್ದವು. ಆ ಫೋಟೊ ನಮ್ಮ ಪತ್ರಿಕೆಯಲ್ಲೂ ಬಂದಿತ್ತು, ನಿಮಗೆ ನೆನಪಿರಬಹುದು. ಅದೇ ವರ್ಷ ಆಗಸ್ಟ್‌ನಲ್ಲಿ ಲಿಸ್ಬನ್ನಿನ ಖಾಲಿ ಮೈದಾನದಲ್ಲಿ ಪ್ಯಾರಿಸ್ ತಂಡದ ಎದುರು 90ನೇ ನಿಮಿಷದ ತನಕ ಮುಂದಿದ್ದು, ಕೊನೆಗೆ ಎರಡು ಗೋಲು ಬಿಟ್ಟುಕೊಟ್ಟು ಚಾಂಪಿಯನ್ಸ್ ಲೀಗಿನಿಂದ ಹೊರಬಿದ್ದರು. ಅದನ್ನೆಲ್ಲ ನೋಡಿದ ಊರು ಡಬ್ಲಿನ್‌ನಿಂದ ಬಂದ ಕಪ್ಪನ್ನು ಹೇಗೆ ಬರಮಾಡಿಕೊಂಡಿರಬೇಕು, ಯೋಚಿಸಿ. ಪಾಯಿಂಟ್ ಪಟ್ಟಿಯಲ್ಲಿ ಇದಕ್ಕೆ ಅಂಕಣ ಇಲ್ಲ. ಅದಕ್ಕೇ ಪುಟ ಕೊಟ್ಟೆವು.

ಫೈನಲ್ ಆದ ಮೇಲಿನ ಎರಡು ಪಂದ್ಯ ಕತೆಗೆ ಬಾಲ ಇದ್ದ ಹಾಗೆ. ಟೊರಿನೊ ವಿರುದ್ಧ 3–0 ಗೆದ್ದು 69 ಪಾಯಿಂಟ್ ಮುಟ್ಟಿದರು. ಇದರಿಂದ ಪಾಪ, ರೋಮಾದವರ ಆಸೆಗೆ ಕಲ್ಲು ಬಿತ್ತು. ಅಟಲಾಂಟಾ ಐದನೇ ಸ್ಥಾನಕ್ಕೆ ಇಳಿದಿದ್ದರೆ ಆರನೇ ಸ್ಥಾನದ ರೋಮಾಗೂ ಚಾಂಪಿಯನ್ಸ್ ಲೀಗ್ ಬಾಗಿಲು ತೆರೆಯುತ್ತಿತ್ತು. ಕೊನೆಯದು ಜೂನ್ 2ರಂದು, ಫಿಯೊರೆಂಟಿನಾ ವಿರುದ್ಧ. ಮಾರ್ಚ್‌ನಲ್ಲಿ ಆ ಕ್ಲಬ್ಬಿನ ಅಧಿಕಾರಿ ಜೋ ಬರೋನೆ ದಿಢೀರ್ ಅಸ್ವಸ್ಥರಾಗಿದ್ದರಿಂದ ಮುಂದೆ ಹೋಗಿದ್ದ ಪಂದ್ಯ ಅದು, ಆಮೇಲೆ ಅವರು ತೀರಿಕೊಂಡರು. ಗೆದ್ದಿದ್ದರೆ ಮೂರನೇ ಸ್ಥಾನ, 2–3ರಲ್ಲಿ ಸೋತರು. ನೀವು ಎಣಿಸಿದ ಹನ್ನೊಂದನೇ ಸೋಲು ಇದೇ. ನನಗೆ ಸೋಲಿಗಿಂತ ಜಾಸ್ತಿ ಬೇಜಾರಾಗಿದ್ದು ಸ್ಕಾಲ್ವಿನಿ ಬಗ್ಗೆ. ಇಪ್ಪತ್ತರ ಹುಡುಗ, ಇಟಲಿ ಪರ ಯುರೋ ಕಪ್ ಆಡಬೇಕಿತ್ತು. ಈ ಪಂದ್ಯದಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು. ಅಂದ ಹಾಗೆ, 1963ರಲ್ಲಿ ದೊಮೆಂಗಿನಿ ಮೂರು ಗೋಲು ಹೊಡೆದದ್ದೂ ಜೂನ್ 2ರಂದೇ.

ಇನ್ನು ‘ಅಟ್ಲಾಂಟಾ’. ಪ್ರೂಫ್ ನೋಡಿದವನೂ ನಾನೇ, ಕ್ಷಮಿಸಿ. ಒಂದು ಕಡೆ ಅಲ್ಲ, ಎರಡು ಕಡೆ ಅಂತ ನೀವು ಬರೆದಿದ್ದೀರಿ. ನಿಮ್ಮ ಪತ್ರ ಓದಿ ಮತ್ತೆ ಹುಡುಕಿದೆ. ಮೂರು ಕಡೆ ಇದೆ.

2024ರ ಆಗಸ್ಟ್ 14ಕ್ಕೆ ವಾರ್ಸಾದಲ್ಲಿ ಯುರೋಪಿನ ಸೂಪರ್ ಕಪ್. ಅಟಲಾಂಟಾ ಎದುರು ರಿಯಲ್ ಮ್ಯಾಡ್ರಿಡ್. ಅದರ ಬಗ್ಗೆ ಖಂಡಿತ ಬರೆಯುತ್ತೇವೆ, ಪಂದ್ಯ ಮುಗಿದ ಮೇಲೆ. ಯಾರು ಗೆಲ್ಲುತ್ತಾರೆ ಅಂತ ಮುಂಚೆಯೇ ಹೇಳುವ ಕೆಲಸವನ್ನು ನಾನು ಬಿಟ್ಟಿದ್ದೇನೆ. ನಿಮಗೆ ಧೈರ್ಯ ಇದ್ದರೆ ಬರೆದು ಕಳಿಸಿ, ಅಚ್ಚು ಹಾಕುತ್ತೇವೆ.