ದಾಲ್ ಮಿಲ್ಲಿನ ರಾತ್ರಿ ಕೆಲಸಗಳಿಗೆ ಯಾವ ಶೆಡ್ಯೂಲರ್ ತಗೋಬೇಕು?

ಕಲಬುರಗಿಯಲ್ಲಿ ದಾಲ್ ಮಿಲ್ ಇದೆ, ಕಾಟಾ (ತೂಕದ) ಕಂಪ್ಯೂಟರಿನ ಲೆಕ್ಕ ಟ್ಯಾಲಿ ಅನ್ನುವ ಲೆಕ್ಕಪತ್ರದ ಸಾಫ್ಟ್‌ವೇರ್‌ಗೆ ಹೋಗಬೇಕು, ಆಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ಆಗಬೇಕು, ಎಲ್ಲ ರಾತ್ರಿ ತಾನಾಗಿ ನಡೆಯಬೇಕು, ಅದಕ್ಕೆ ಶೆಡ್ಯೂಲರ್ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಸಾಫ್ಟ್‌ವೇರ್) ಅಂತ ಏರ್‌ಫ್ಲೋ ಹಾಕಲಾ ಕಂಟ್ರೋಲ್-ಎಂ ಕೊಳ್ಳಲಾ ಅಂತ ಕೇಳಿದ್ದೀರಿ. ನೆಹರು ಗಂಜಿನ ಕೆಲವು ಅಡತ್ ಅಂಗಡಿ, ಮಿಲ್ಲುಗಳ ಕಂಪ್ಯೂಟರ್ ಕೆಲಸ ನಾನು ನೋಡಿಕೊಳ್ಳುತ್ತೇನೆ. ನನ್ನ ಮಾತು ಕೇಳಿದರೆ, ಸದ್ಯಕ್ಕೆ ಎರಡೂ ಬೇಡ.

ಕಂಟ್ರೋಲ್-ಎಂ ಬ್ಯಾಂಕಿನಂಥ ದೊಡ್ಡ ಸಂಸ್ಥೆಗಳಿಗೆ ಸರಿ. ಏರ್‌ಫ್ಲೋ 2014ರಲ್ಲಿ ಏರ್‌ಬಿಎನ್‌ಬಿಯಲ್ಲಿ ಹುಟ್ಟಿದ್ದು, ಪುಕ್ಕಟೆ, ಒಳ್ಳೆಯದೂ ಹೌದು. ಆದರೆ ವಿಂಡೋಸ್ ಮೇಲೆ ನೇರವಾಗಿ ಓಡಲ್ಲ, ಪೈಥಾನ್ ಬರೆಯುವವರು ಬೇಕು. ಅದರ ಗಡಿಯಾರ ಮೊದಲಿಗೆ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ ಇರುತ್ತದೆ. ಟೈಮ್ ಝೋನ್ ಬದಲಿಸದಿದ್ದರೆ ರಾತ್ರಿ 10ಕ್ಕೆ ಅಂತ ಬರೆದ ಕೆಲಸ ನಮ್ಮಲ್ಲಿ ಬೆಳಗಿನ ಜಾವ 3:30ಕ್ಕೆ ನಡೆಯುತ್ತದೆ.

ನೀವು ನೋಡಬೇಕಾದದ್ದು ಬೇರೆಯೇ ಇದೆ. ಕಾಟಾ ಫೈಲ್ ರಾತ್ರಿ 9ಕ್ಕೆ, ಟ್ಯಾಲಿ 9:30ಕ್ಕೆ ಅಂತ ಟೈಮ್ ಇಟ್ಟಿದ್ದೀರಿ ಅನ್ನಿ. ಜನವರಿಯಲ್ಲಿ ತೊಗರಿ ಆವಕ ಜೋರಿದ್ದಾಗ 9 ಗಂಟೆಗೂ ಲಾರಿಗಳು ಸಾಲಲ್ಲೇ ಇರುತ್ತವೆ. ಅರ್ಧ ದಿನದ ತೂಕವಷ್ಟೇ ಟ್ಯಾಲಿಗೆ ಹೋಗುತ್ತದೆ, ಎಲ್ಲೂ ಎರರ್ ಬರಲ್ಲ. ಬೆಳಿಗ್ಗೆ ರೈತ ಕಾಟಾ ಚೀಟಿ ಹಿಡಿದು ಬಂದರೆ ಪಟ್ಟಿಯಲ್ಲಿ ಅವನ ಚೀಲಗಳೇ ಇಲ್ಲ! ಅದಕ್ಕೇ ಗಡಿಯಾರ ನೋಡಿ ಓಡಿಸುವುದು ಸಾಲದು. ಮೊದಲನೆಯದು ಸರಿಯಾಗಿ ಮುಗಿದರೆ ಮಾತ್ರ ಎರಡನೆಯದು ಶುರುವಾಗಬೇಕು. ಕೆಟ್ಟರೆ ಅಲ್ಲೇ ನಿಂತು ನಿಮಗೆ ಮೆಸೇಜ್ ಬರಬೇಕು.

ಒಂದೇ ಕಂಪ್ಯೂಟರ್ ಆದರೆ ವಿಂಡೋಸ್ ಜೊತೆಗೇ ಬರುವ ಟಾಸ್ಕ್ ಶೆಡ್ಯೂಲರ್ ಸಾಕು. ಎಲ್ಲವನ್ನೂ ಒಂದೇ ಬ್ಯಾಚ್ ಫೈಲಿನಲ್ಲಿ (ಒಂದರ ನಂತರ ಒಂದು ಓಡುವ ಕಮಾಂಡ್‌ಗಳ ಪಟ್ಟಿ) ಸಾಲಾಗಿ ಬರೆಸಿ, ಪ್ರತಿ ಹೆಜ್ಜೆಗೂ ಎರರ್ ಚೆಕ್ ಇರಲಿ. ಕರೆಂಟ್ ಹೋಗಿ ತಪ್ಪಿದ ಕೆಲಸವನ್ನು ಆಮೇಲೆ ಓಡಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ, ಟಿಕ್ ಮಾಡಿ. ಕಾಟಾ ಸಾಫ್ಟ್‌ವೇರ್ ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್ (ಮೈಕ್ರೋಸಾಫ್ಟಿನ ಪುಕ್ಕಟೆ ಡೇಟಾಬೇಸ್) ಮೇಲಿದ್ದರೆ, ಹೊತ್ತಿಗೆ ಕೆಲಸ ಓಡಿಸುವ ಏಜೆಂಟ್ ಅನ್ನುವ ಭಾಗವನ್ನು ನಂಬಬೇಡಿ, ಆ ಎಡಿಷನ್‌ನಲ್ಲಿ ಏಜೆಂಟೇ ಇಲ್ಲ.

ಯಾದಗಿರಿಯಲ್ಲೋ ಶಹಾಪುರದಲ್ಲೋ ಬ್ರಾಂಚ್ ಇದ್ದರೆ ಜೆಂಕಿನ್ಸ್ ಹಾಕಿ. ಸಾಫ್ಟ್‌ವೇರ್ ಬರೆಯುವವರ ಟೂಲ್ ನಿಜ, ಆದರೆ ಪುಕ್ಕಟೆ, ವಿಂಡೋಸ್ ಮೇಲೂ ಓಡುತ್ತದೆ, ಬೇರೆ ಊರಿನ ಕಂಪ್ಯೂಟರಿನಲ್ಲೂ ಕೆಲಸ ಮಾಡಿಸುತ್ತದೆ. ಎಲ್ಲಿ ನಿಂತಿದೆ ಅಂತ ಬ್ರೌಸರಿನಲ್ಲೇ ಕಾಣುತ್ತದೆ. ಟ್ಯಾಲಿ ಮಾತ್ರ ತೆರೆದೇ ಇರಬೇಕು. ಮುಚ್ಚಿದ್ದರೆ, ಬೇರೆ ಸಾಫ್ಟ್‌ವೇರ್ ಲೆಕ್ಕ ಕಳಿಸುವ ಅದರ ಬಾಗಿಲು, ಅಂದರೆ 9000 ಪೋರ್ಟ್, ಉತ್ತರ ಕೊಡಲ್ಲ.

ಯಾವುದೇ ತಗೊಳ್ಳಿ, ಕೆಲಸ ನಡುವೆ ಇರುವಾಗ ಟೆಸ್ಟ್ ಕಂಪ್ಯೂಟರಿನ ಪ್ಲಗ್ ಕಿತ್ತು ನೋಡಿ. ಮತ್ತೆ ಆನ್ ಮಾಡಿದಾಗ ಅದೇ ಚೀಟಿ ಎರಡು ಸಲ ವೋಚರ್ ಆಯಿತಾ? ಆಗಿದ್ದರೆ ಚೀಟಿ ನಂಬರ್ ಮೊದಲೇ ಇದೆಯಾ ಅಂತ ನೋಡಿ ಸೇರಿಸುವಂತೆ ಬರೆಸಿ. ಇದೆಲ್ಲ ದೀಪಾವಳಿ ಹೊತ್ತಿಗೆ ಮುಗಿಸಿ, ಆವಕ ಶುರುವಾದ ಮೇಲೆ ಯಾರಿಗೂ ಪುರುಸೊತ್ತು ಇರಲ್ಲ.