ಶಿವಮೊಗ್ಗದ ಸುತ್ತ ಮರಗಳನ್ನು ಗುರುತಿಸುತ್ತಾ ನಡೆಯೋಕೆ ಒಳ್ಳೆಯ ಜಾಗ ಯಾವುದು?

ಬೆಂಗಳೂರಿಂದ ಇಲ್ಲಿಗೆ ವರ್ಗವಾಗಿದೆ, ಅಲ್ಲಿ ಭಾನುವಾರ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಮರದ ಬೋರ್ಡ್ ಓದುತ್ತಾ ಸುತ್ತುತ್ತಿದ್ದೆ, ಇಲ್ಲಿ ಅಂಥದ್ದು ಇದೆಯಾ, ಕಾಡಿನ ಕಡೆ ಹೋದರೆ ಎಲ್ಲಾ ಮರವೂ ಒಂದೇ ಥರ ಕಾಣುತ್ತೆ ಎಂದು ಕೇಳಿದ್ದೀರಿ.

ಲಾಲ್‌ಬಾಗ್‌ನಂಥದ್ದು ಇಲ್ಲ. ಅದು 240 ಎಕರೆ ತೋಟ. 1760ರಲ್ಲಿ ಹೈದರಾಲಿ ಶುರು ಮಾಡಿಸಿದ್ದು. ಆಮೇಲೆ ಬಂದವರೆಲ್ಲ ದೇಶವಿದೇಶದ ಮರ ತಂದು ನೆಟ್ಟಿದ್ದಾರೆ. ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಊರಿನ ಮರಗಳೇ. ನನ್ನ ಕೇಳಿದರೆ ಕಲಿಯೋಕೆ ಅದೇ ಒಳ್ಳೆಯದು. ಇಲ್ಲಿ ಕಲಿತ ಹೆಸರು ಮುಂದಿನ ಬಸ್‌ಸ್ಟಾಪಿನಲ್ಲೂ ಉಪಯೋಗಕ್ಕೆ ಬರುತ್ತದೆ.

ಮೊದಲು ಹೋಗಬೇಕಾದ್ದು ಸಾಗರ ರಸ್ತೆಯ ಕಡೆ. ತ್ಯಾವರೆಕೊಪ್ಪದ ಸಿಂಹಧಾಮ ಗೊತ್ತಿರಬೇಕಲ್ಲ, ಅದೇ ದಿಕ್ಕಿನಲ್ಲಿ ಮುದ್ದಿನಕೊಪ್ಪದಲ್ಲಿ ಅರಣ್ಯ ಇಲಾಖೆಯ ಸಾಲುಮರದ ತಿಮ್ಮಕ್ಕ ವೃಕ್ಷೋದ್ಯಾನ ಇದೆ. ಜನ ಸುಮ್ನೆ ಟ್ರೀ ಪಾರ್ಕ್ ಅನ್ನುತ್ತಾರೆ. ಬೆಳಿಗ್ಗೆ ಬೇಗ ಹೋಗಿ, ಹೊತ್ತೇರಿದ ಮೇಲೆ ಫ್ಯಾಮಿಲಿಗಳು ಬರುತ್ತವೆ. ಇನ್ನೊಂದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಆವರಣ. ಭದ್ರಾ ಕಾಡಿನ ಅಂಚಿನಲ್ಲಿದೆ, ಒಳಗಿನ ರಸ್ತೆಗಳಲ್ಲಿ ಆರಾಮಾಗಿ ನಡೆಯಬಹುದು.

ಜಾಗದ ಮಾತು ಇಷ್ಟು ಸಾಕು. ನಿಮ್ಮ ನಿಜವಾದ ತೊಂದರೆ ಬೇರೆ. ಎಲ್ಲಾ ಮರವೂ ಒಂದೇ ಥರ ಕಾಣುವುದು ನೀವು ತಲೆ ಎತ್ತಿ ನೋಡುವುದರಿಂದ. ನಮ್ಮ ಕಡೆ ಮರ ಎಂದರೆ ಕೆಲವು ನೂರಡಿ ಇರುತ್ತವೆ. ಅಷ್ಟು ಎತ್ತರದಲ್ಲಿ ಎಲೆಯೂ ಹಸಿರು, ಪಕ್ಕದ ಮರದ ಎಲೆಯೂ ಹಸಿರು. ಕತ್ತು ನೋವು ಬಿಟ್ಟರೆ ಏನೂ ಸಿಗಲ್ಲ. ತಲೆ ತಗ್ಗಿಸಿ ನಡೆಯಿರಿ. ಮರ ತನ್ನ ಗುರುತನ್ನೆಲ್ಲ ಬುಡದಲ್ಲೇ ಉದುರಿಸಿಕೊಂಡಿರುತ್ತದೆ.

ಸಾಗುವಾನಿಯಿಂದ ಶುರು ಮಾಡಿ. ಮೊರದಗಲದ ಒಣ ಎಲೆ ಕಾಲಡಿ ಚರಚರ ಅನ್ನುತ್ತದೆ. ಎಳೆ ಎಲೆ ಸಿಕ್ಕರೆ ಅಂಗೈಯಲ್ಲಿ ತಿಕ್ಕಿ ನೋಡಿ, ಕೈ ಕೆಂಪಾಗುತ್ತದೆ. ಹೊನ್ನೆ ಇನ್ನೂ ಸುಲಭ. ಅದರ ಕಾಯಿ ಒಂದು ಪುಟ್ಟ ಹಪ್ಪಳ. ದುಂಡಗೆ, ತೆಳ್ಳಗೆ, ನಡುವೆ ಬೀಜ ಇರುವಲ್ಲಿ ಮಾತ್ರ ಉಬ್ಬು. ಬೇಸಿಗೆ ಶುರುವಿನಲ್ಲಿ ಹೊನ್ನೆ ಬುಡದಲ್ಲಿ ಹಪ್ಪಳ ಒಣಗಿಸಿದ ಹಾಗೆ ಬಿದ್ದಿರುತ್ತವೆ. ತೊಗಟೆಗೆ ಎಲ್ಲಾದರೂ ಗಾಯವಾಗಿದ್ದರೆ ರಕ್ತದಂಥ ಕೆಂಪು ಅಂಟು ಗಟ್ಟಿಯಾಗಿರುವುದು ಕಾಣುತ್ತದೆ. ಸಕ್ಕರೆ ಕಾಯಿಲೆಗೆ ಅಂತ ಮಾರುವ ಮರದ ಲೋಟ ಇದರದ್ದೇ, ನೀರು ಹಾಕಿಟ್ಟರೆ ನೀಲಿ ಛಾಯೆ ಬರುತ್ತದೆ. ಕಾಯಿಲೆ ವಾಸಿಯಾಗುತ್ತಾ ಅಂತ ನನ್ನ ಕೇಳಬೇಡಿ, ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡಿ.

ನಂದಿ ಮರಕ್ಕೆ ನೆಲವೂ ಬೇಡ. ಉಳಿದವೆಲ್ಲ ಒರಟು ತೊಗಟೆ ಹೊದ್ದು ನಿಂತಿದ್ದರೆ ಇದೊಂದು ಆಗ ತಾನೇ ಸ್ನಾನ ಮಾಡಿ ಬಂದ ಹಾಗೆ ಬಿಳಿಚಿಕೊಂಡು ನುಣ್ಣಗೆ ನಿಂತಿರುತ್ತದೆ. ಸುಲಿದ ತೊಗಟೆಯ ಚಕ್ಕೆ ಬುಡದಲ್ಲಿ ಬಿದ್ದಿರುತ್ತದೆ. ಮತ್ತಿ ಇದಕ್ಕೆ ತದ್ವಿರುದ್ಧ. ಕಪ್ಪು ತೊಗಟೆ, ಆಳವಾದ ಬಿರುಕು, ಥೇಟ್ ಮೊಸಳೆ ಬೆನ್ನು. ಎಲೆಯ ಹಿಂಬದಿ ತಿರುಗಿಸಿದರೆ ತೊಟ್ಟಿನ ಹತ್ತಿರ ಎರಡು ಪುಟ್ಟ ಗಂಟುಗಳಿರುತ್ತವೆ. ಕೆಲವು ಮತ್ತಿ ಮರಗಳ ಕಾಂಡದಲ್ಲಿ ಬೇಸಿಗೆಯಲ್ಲೂ ನೀರು ತುಂಬಿರುತ್ತದೆ. ಉಬ್ಬಿದ ಜಾಗಕ್ಕೆ ಕತ್ತಿ ಹಾಕಿದರೆ ಚಿಮ್ಮುತ್ತದೆ. ನೀವು ಹಾಕಬೇಡಿ.

ಈ ಮತ್ತಿಯ ವಿಷಯದಲ್ಲಿ ನಾನೇ ಬೇಸ್ತು ಬಿದ್ದವನು. ಒಂದು ಸಸ್ಯವನದಲ್ಲಿ, ಯಾವುದು ಅಂತ ಹೇಳಲ್ಲ, ನುಣ್ಣನೆಯ ಬೂದು ತೊಗಟೆಯ ದೊಡ್ಡ ಮರಕ್ಕೆ ‘ಮತ್ತಿ’ ಎಂದು ಬೋರ್ಡ್ ಹೊಡೆದಿದ್ದರು. ಬುಡದಲ್ಲಿ ಐದು ರೆಕ್ಕೆಯ ಕಾಯಿ ಬಿದ್ದಿತ್ತು. ಮತ್ತಿಗೂ ಐದು ರೆಕ್ಕೆಯೇ. ಎರಡೂ ಹೊಂದಿತು ಅಂತ ನಂಬಿಬಿಟ್ಟೆ. ಎರಡು ವರ್ಷ ಆ ಮರವನ್ನು ಮತ್ತಿ ಅಂತಲೇ ನೆಂಟರಿಗೆಲ್ಲ ತೋರಿಸಿದ್ದೇನೆ. ಆಮೇಲೆ ಊರಲ್ಲಿ ಸೊಪ್ಪು ತರಲು ಹೊರಟಿದ್ದ ಅಜ್ಜ ಒಬ್ಬರಿಗೆ ಫೋಟೋ ತೋರಿಸಿದೆ. "ಇದು ಹೊಳೆಮತ್ತಿ ಅಲ್ವನಾ, ಮತ್ತಿ ಇಷ್ಟು ಚಂದ ಎಲ್ಲಿರ್ತದೆ?" ಅಂದರು. ಎರಡೂ ಒಂದೇ ಕುಲದವು, ಅದಕ್ಕೇ ಕಾಯಿ ಒಂದೇ ಥರ. ಹೊಳೆಮತ್ತಿ ನೀರಿನ ದಂಡೆಯ ಮರ, ತೊಗಟೆ ನುಣುಪು. ಹಾಗಾಗಿ ನೆಲ ನೋಡಿದ ಮೇಲೆ ತೊಗಟೆಯನ್ನೂ ನೋಡಿ. ಬೋರ್ಡನ್ನು ಕೊನೆಗೆ ಓದಿ.

ಐದಾರು ಮರದ ಪರಿಚಯವಾದ ಮೇಲೆ ತೀರ್ಥಹಳ್ಳಿ ರಸ್ತೆ ಹಿಡಿಯಿರಿ. ಶಿವಮೊಗ್ಗದಿಂದ ಆಗುಂಬೆಗೆ ಸುಮಾರು 90 ಕಿಲೋಮೀಟರ್. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಹಾಗಾಗಿ ಈ ಒಂದು ರಸ್ತೆಯಲ್ಲೇ ಕಾಡು ಪೂರ್ತಿ ಬದಲಾಗುತ್ತದೆ. ಗಾಜನೂರು, ಸಕ್ರೆಬೈಲಿನ ಆಸುಪಾಸು ಬೇಸಿಗೆಗೆ ಎಲೆ ಉದುರಿಸುವ ಕಾಡು. ತೀರ್ಥಹಳ್ಳಿ ದಾಟಿ ಮುಂದೆ ಹೋದ ಹಾಗೆ ವರ್ಷವಿಡೀ ಹಸಿರಾಗಿರುವ ಕಾಡು. ಅಲ್ಲಿ ಬಿದ್ದ ಎಲೆಗಳನ್ನು ಆರಿಸಿ ನೋಡಿ, ಬಹಳಷ್ಟಕ್ಕೆ ತುದಿಯಲ್ಲಿ ಸಣ್ಣ ಬಾಲ ಇರುತ್ತದೆ. ಮಳೆ ನೀರು ಎಲೆ ಮೇಲೆ ನಿಲ್ಲದೆ ಇಳಿದು ಹೋಗಲಿ ಅಂತ.

ಈ ಕಾಡಿನಲ್ಲಿ ನೆಲ ನೋಡದೆ ಗತಿಯಿಲ್ಲ. ಹಗ್ಗದ ತುಂಡಿನಂಥದ್ದು ಬಿದ್ದಿದ್ದರೆ ಅದು ಹೆಬ್ಬಲಸಿನ ಗಂಡು ಹೂಗೊಂಚಲು. ಪಕ್ಕದಲ್ಲೇ ಅದರ ಸಸಿ ಇದ್ದರೆ ಎಲೆ ಸೀಳು ಸೀಳಾಗಿರುತ್ತದೆ, ದೊಡ್ಡ ಮರದ್ದು ಮಾತ್ರ ಇಡೀ ಎಲೆ. ಎರಡೂ ಒಂದೇ ಮರ ಅಂದರೆ ಯಾರೂ ನಂಬಲ್ಲ. ನಡುವೆ ತೂತಿರುವ ಪುಟ್ಟ ಬಿಳಿ ಹೂವು ಬಿದ್ದಿದ್ದರೆ ರಂಜ. ಚಿಕ್ಕಂದಿನಲ್ಲಿ ಬೆಳಗಿನ ಜಾವ ಎದ್ದು ಅಕ್ಕಂದಿರ ಜೊತೆ ಹೆಕ್ಕಲು ಹೋಗುತ್ತಿದ್ದೆವು. ಸೂಜಿಯೇ ಬೇಡ, ಬಾಳೆ ನಾರು ತೂತಲ್ಲಿ ತೂರಿಸಿದರೆ ಸರ ಆಯಿತು. ಒಣಗಿದರೂ ವಾಸನೆ ಹೋಗಲ್ಲ. ಅಮ್ಮನ ಟ್ರಂಕಿನಲ್ಲಿ ಸೀರೆ ನಡುವೆ ಒಂದು ಸರ ಯಾವಾಗಲೂ ಇರುತ್ತಿತ್ತು. ಸುರಗಿಯೂ ಹಾಗೇ, ಒಣಗಿದ ಮೇಲೆ ಇನ್ನೂ ಚಂದ. ಕಣ್ಣಿಗಿಂತ ಮೊದಲು ಮೂಗಿಗೆ ಸಿಗುವ ಮರಗಳು ಇವು.

ಒಂದು ಮರ ಮಾತ್ರ ದೂರದಿಂದಲೇ ಗೊತ್ತಿರಬೇಕು, ಹೊಳಗೇರು. ಒಮ್ಮೆ ಮಳೆ ಬಂತೆಂದು ಓಡಿ ಹೋಗಿ ಮರವೊಂದಕ್ಕೆ ಒರಗಿ ನಿಂತೆ. ತೊಗಟೆ ಮೇಲೆ ಟಾರು ಸುರಿದ ಹಾಗೆ ಕಪ್ಪು ಕಲೆಗಳಿದ್ದವು, ಅವಸರದಲ್ಲಿ ಗಮನಿಸಲಿಲ್ಲ. ಮಾರನೇ ದಿನಕ್ಕೆ ಮೊಣಕೈಯಿಂದ ಕುತ್ತಿಗೆವರೆಗೆ ತುರಿಕೆ, ಬೊಬ್ಬೆ. ವಾರ ನಿದ್ದೆಯಿಲ್ಲ. ಮಲೆನಾಡಿನಲ್ಲೇ ಹುಟ್ಟಿದವನಿಗೆ ಇಷ್ಟೂ ಗೊತ್ತಿಲ್ಲವಾ ಅಂತ ಮನೆಯಲ್ಲಿ ಬೈಗುಳ ಬೇರೆ. ಇದರ ಎಲೆಗಳು ಕೊಂಬೆ ತುದಿಯಲ್ಲಿ ಗುಂಪಾಗಿರುತ್ತವೆ, ಹಿಂಬದಿ ಬಿಳಿಚಿಕೊಂಡಿರುತ್ತದೆ, ತೊಟ್ಟಿಗೆ ಎರಡು ಸಣ್ಣ ಕೊಂಬು. ಆದರೆ ಅಷ್ಟು ಹತ್ತಿರ ಹೋಗಿ ಪರೀಕ್ಷೆ ಮಾಡಬೇಡಿ. ಕಪ್ಪು ಕಲೆ ಕಂಡರೆ ಸಾಕು, ಕೈ ಹಿಂದಕ್ಕೆ.

ನೆಲ ನೋಡಿ ಅಂದೆ, ನೆಲದ ಮೇಲೆ ಕೂರಿ ಅನ್ನಲಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಇದು ಮೊದಲು ಪತ್ತೆಯಾಗಿದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು, ಅಂದರೆ ಉಣ್ಣೆ ಹುಳ ಕಚ್ಚಿದರೆ ಬರುತ್ತದೆ, ಅವು ಇರುವುದು ಒಣ ದರಗಿನಲ್ಲಿ, ಅಂದರೆ ಉದುರಿದ ಎಲೆಗಳ ರಾಶಿಯಲ್ಲಿ. ಹಾಗಾಗಿ ಆ ತಿಂಗಳುಗಳಲ್ಲಿ ಉದ್ದ ಪ್ಯಾಂಟು, ಕಾಲುಚೀಲ ಹಾಕಿ ದಾರಿಯಲ್ಲೇ ನಡೆಯಿರಿ, ದರಗು ಕೆದಕಬೇಡಿ. ಆ ಭಾಗದ ಹಳ್ಳಿಗಳಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚಲು ಡೆಪಾ ಎಣ್ಣೆ ಕೊಡುತ್ತಾರೆ. ಮನೆಗೆ ಬಂದ ತಕ್ಷಣ ಬಟ್ಟೆ ಬದಲಿಸಿ ಬಿಸಿನೀರಿನ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ. ಮಳೆಗಾಲದಲ್ಲಿ ಇಂಬಳ, ಅಂದರೆ ಜಿಗಣೆ. ಅದಕ್ಕೆ ಹೆದರುವ ಅಗತ್ಯವಿಲ್ಲ, ಒಂದು ಪೊಟ್ಟಣ ಉಪ್ಪು ಜೇಬಲ್ಲಿರಲಿ.

ಶೆಟ್ಟಿಹಳ್ಳಿ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡಬೇಡಿ, ಆನೆಗಳಿವೆ. ದೇವರ ಕಾಡಿಗೆ ಹೋದರೆ ಊರಿನವರನ್ನು ಕೇಳಿ ಹೋಗಿ, ಬಿದ್ದದ್ದನ್ನೂ ತರಬೇಡಿ.

ಮೊದಲ ತಿಂಗಳು ಒಂದೇ ದಾರಿಯಲ್ಲಿ ನಾಲ್ಕು ಭಾನುವಾರ ನಡೆಯಿರಿ. ಹೊಸ ಹೊಸ ಜಾಗಕ್ಕೆ ಓಡಿದರೆ ಬರೀ ಪೆಟ್ರೋಲ್ ಖರ್ಚು. ಗೊತ್ತಾಗದ ಮರ ಸಿಕ್ಕರೆ ಇಲ್ಲೇ ಫೋಟೋ ಹಾಕಿ, ನನಗೆ ತಿಳಿದಷ್ಟು ಹೇಳುತ್ತೇನೆ. ತೊಗಟೆ, ಎಲೆಯ ಹಿಂಬದಿ, ಬುಡದಲ್ಲಿ ಬಿದ್ದ ಹೂವೋ ಕಾಯಿಯೋ, ಮೂರೂ ಇರಲಿ. ಆಕಾಶದ ಕಡೆ ಮೊಬೈಲ್ ಹಿಡಿದು ತೆಗೆದ ಹಸಿರು ತಲೆಯ ಫೋಟೋ ಕಳಿಸಿದರೆ ನನಗೂ ಎಲ್ಲಾ ಮರ ಒಂದೇ ಥರ ಕಾಣುತ್ತೆ.