ಟರ್ಮಿನಲ್ ಪ್ರಶ್ನೋತ್ತರ: ಹಗಲು ಸಿಗುವ ಟೆಸರಾಕ್ಟ್ ರಾತ್ರಿ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಓಸಿಆರ್‌ಮೈಪಿಡಿಎಫ್ ಬಳಸಿ ಹುಡುಕಲು ಬರುವಂಥ ಪಿಡಿಎಫ್ ಮಾಡುತ್ತಿದ್ದೇನೆ. ಉಬುಂಟು ಇದೆ. ಟರ್ಮಿನಲ್‌ನಲ್ಲಿ ನಾನೇ ಓಡಿಸಿದರೆ ಎಲ್ಲ ಸರಿ. ರಾತ್ರಿ ತಾನಾಗಿ ಓಡಲಿ ಅಂತ ಕ್ರಾನ್‌ಗೆ ಹಾಕಿದರೆ ಟೆಸರಾಕ್ಟ್ ಸಿಗಲಿಲ್ಲ ಎಂದು ನಿಂತುಬಿಡುತ್ತದೆ. ಕ್ರಾನ್ ಸಾಲಿನಲ್ಲಿ ಓಸಿಆರ್‌ಮೈಪಿಡಿಎಫ್‌ನ ಪೂರ್ತಿ ವಿಳಾಸ ಕೊಟ್ಟಿದ್ದೇನೆ. ಟೆಸರಾಕ್ಟನ್ನು ನಾನೇ ಕಂಪೈಲ್ ಮಾಡಿಕೊಂಡದ್ದು.
— ಓದುಗರು, ಶಿರಸಿ

ಉತ್ತರ: ನಿಮ್ಮ ಪತ್ರದ ಕೊನೆಯ ಎರಡು ಸಾಲಿನಲ್ಲೇ ಕಾರಣ ಇದೆ.

ಓಸಿಆರ್‌ಮೈಪಿಡಿಎಫ್ ತಾನೇ ಅಕ್ಷರ ಓದುವುದಿಲ್ಲ. ಪುಟದ ಚಿತ್ರವನ್ನು ಟೆಸರಾಕ್ಟ್‌ಗೆ ಕೊಟ್ಟು ಓದಿಸುತ್ತದೆ. ಅದನ್ನು ಕರೆಯುವುದು ಬರೀ ಹೆಸರು ಹಿಡಿದು. ಆ ಹೆಸರಿನ ಫೈಲನ್ನು ಎಲ್ಲಿ ಹುಡುಕಬೇಕು ಅನ್ನೋದು ಪಾತ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿದೆ. ಅದೊಂದು ಫೋಲ್ಡರುಗಳ ಪಟ್ಟಿ. ಎಡದಿಂದ ಬಲಕ್ಕೆ ಹುಡುಕುತ್ತಾ ಹೋಗಿ, ಮೊದಲು ಸಿಕ್ಕಿದ್ದನ್ನು ಓಡಿಸುತ್ತದೆ. ನೀವು ಕೊಟ್ಟ ಪೂರ್ತಿ ವಿಳಾಸದಿಂದ ಓಸಿಆರ್‌ಮೈಪಿಡಿಎಫ್ ಸಿಕ್ಕಿತು, ನಿಜ. ಅದು ಕರೆಯುವ ಸಹಾಯಕ ಪ್ರೋಗ್ರಾಂಗೆ ಆ ವಿಳಾಸದಿಂದ ಏನೂ ಉಪಯೋಗವಿಲ್ಲ.

ಸೋರ್ಸ್‌ನಿಂದ ಕಂಪೈಲ್ ಮಾಡಿದ್ದು ಸಾಮಾನ್ಯವಾಗಿ /ಯುಎಸ್‌ಆರ್/ಲೋಕಲ್/ಬಿನ್ ಒಳಗೆ ಕೂರುತ್ತದೆ. ನಿಮ್ಮ ಟರ್ಮಿನಲ್‌ನ ಪಾತ್‌ನಲ್ಲಿ ಅದು ಇರುತ್ತದೆ. ಆದರೆ ಕ್ರಾನ್ ಕಟ್ಟಿಕೊಡುವ ಬುತ್ತಿ ಬಹಳ ಸಣ್ಣದು: /ಯುಎಸ್‌ಆರ್/ಬಿನ್ ಮತ್ತು /ಬಿನ್, ಅಷ್ಟೇ. ಟರ್ಮಿನಲ್ ತೆರೆದಾಗ ಓದಲಾಗುವ ನಿಮ್ಮ ಬ್ಯಾಶ್‌ಆರ್‌ಸಿ ಫೈಲನ್ನು ಅದು ಓದುವುದೂ ಇಲ್ಲ. ನನ್ನ ಮಾತು ನಂಬಬೇಡಿ, ಕಣ್ಣಾರೆ ನೋಡಿ. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ತೋರಿಸುವ ಎನ್ವ್ ಕಮಾಂಡನ್ನು ನಿಮಿಷಕ್ಕೊಮ್ಮೆ ಓಡಿಸಿ ಅದರ ಔಟ್‌ಪುಟ್ ಒಂದು ಫೈಲಿಗೆ ಬರೆಯುವ ಸಾಲನ್ನು ಕ್ರಾನ್‌ಟ್ಯಾಬ್‌ಗೆ, ಅಂದರೆ ಕ್ರಾನ್‌ನ ಕೆಲಸಗಳ ಪಟ್ಟಿಗೆ ಹಾಕಿ. ಒಂದು ನಿಮಿಷ ಕಾದು ಆ ಫೈಲ್ ತೆರೆಯಿರಿ. ಟರ್ಮಿನಲ್‌ನಲ್ಲಿ ಎನ್ವ್ ಕೊಟ್ಟರೆ ಉದ್ದುದ್ದ ಪಟ್ಟಿ ಬರುತ್ತದೆ ಅಲ್ವಾ, ಇಲ್ಲಿ ಕೆಲವೇ ಸಾಲು. ನೋಡಿ ಆದಮೇಲೆ ಆ ಸಾಲು ತೆಗೆದುಬಿಡಿ.

ಪರಿಹಾರ: ಕ್ರಾನ್‌ಟ್ಯಾಬ್‌ನ ಮೇಲ್ಗಡೆ ಪಾತ್‌ಗೆ ಮೂರು ಫೋಲ್ಡರುಗಳನ್ನೂ ಬಿಡಿಸಿ ಬರೆಯಿರಿ. /ಯುಎಸ್‌ಆರ್/ಲೋಕಲ್/ಬಿನ್ ಮೊದಲು, ನಡುವೆ ಕೋಲನ್. ಇಲ್ಲೊಂದು ಗುಂಡಿ ಇದೆ. ಬ್ಯಾಶ್‌ನಲ್ಲಿ ಮಾಡುವ ಹಾಗೆ ಕೊನೆಗೆ ಡಾಲರ್ ಚಿಹ್ನೆ ಹಾಕಿ ಹಳೆಯ ಪಾತನ್ನು ಸೇರಿಸಲು ಹೋಗಬೇಡಿ. ಕ್ರಾನ್‌ಟ್ಯಾಬ್‌ನ ಆ ಸಾಲಿನಲ್ಲಿ ವೇರಿಯಬಲ್ ಬಿಡಿಸಿಕೊಳ್ಳುವುದಿಲ್ಲ. ಡಾಲರ್ ಚಿಹ್ನೆ ಹಾಗೇ ಅಕ್ಷರವಾಗಿ ಉಳಿಯುತ್ತದೆ, ಆಗ ಇದ್ದ ಎರಡು ಫೋಲ್ಡರೂ ಕೈಬಿಡುತ್ತವೆ.

ಇಷ್ಟಾದ ಮೇಲೆ ಇನ್ನೊಂದು ಎರರ್ ಬಂದರೆ ಗಾಬರಿ ಬೇಡ. ಟೆಸರಾಕ್ಟ್ ಸಿಕ್ಕಿತು, ಆದರೆ ಕನ್ನಡದ ಕಾನ್ ಡೇಟಾ ಫೈಲ್ ಸಿಗಲಿಲ್ಲ ಎನ್ನಬಹುದು. ನೀವು ಟೆಸ್‌ಡೇಟಾ ಪ್ರಿಫಿಕ್ಸ್ ಎಂಬ ವೇರಿಯಬಲ್ಲನ್ನು ಬ್ಯಾಶ್‌ಆರ್‌ಸಿಯಲ್ಲಿ ಇಟ್ಟಿದ್ದರೆ ಅದೂ ಕ್ರಾನ್‌ಗೆ ಗೊತ್ತಿಲ್ಲ. ಅದನ್ನೂ ಮೇಲೆ ಬರೆಯಿರಿ.

ಟೆಸರಾಕ್ಟ್‌ಗೆ /ಯುಎಸ್‌ಆರ್/ಬಿನ್‌ನಲ್ಲಿ ಒಂದು ಸಿಮ್‌ಲಿಂಕ್ (ಮೂಲ ಫೈಲಿನತ್ತ ತೋರಿಸುವ ಕೊಂಡಿ) ಹಾಕಿಬಿಡಿ ಅಂತ ಯಾರಾದರೂ ಹೇಳಬಹುದು. ಕೆಲಸ ಆಗುತ್ತದೆ. ಆದರೂ ನಾನು ಹೇಳುವುದಿಲ್ಲ. ಅದು ಉಬುಂಟುವಿನಲ್ಲಿ ಪ್ರೋಗ್ರಾಂಗಳನ್ನು ಹಾಕಿ ತೆಗೆಯುವ ಏಪಿಟಿ ನೋಡಿಕೊಳ್ಳುವ ಜಾಗ, ಅಲ್ಲಿ ನಾವು ಕೈ ಹಾಕಿದ್ದು ಮುಂದೊಂದು ದಿನ ಮರೆತುಹೋಗುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಏಪಿಟಿಯಿಂದ ಬಂದ ಹಳೆಯ ಟೆಸರಾಕ್ಟ್ ಕೂಡ ಇದ್ದಿದ್ದರೆ ಕಥೆ ಇನ್ನೂ ಕೆಡುತ್ತಿತ್ತು. ಎರರ್ ಬರುತ್ತಿರಲಿಲ್ಲ. ರಾತ್ರಿಯೆಲ್ಲ ಹಳೆಯದೇ ಸುಮ್ನೆ ಓಡುತ್ತಿತ್ತು, ಒತ್ತಕ್ಷರ ಯಾಕೆ ಕೆಟ್ಟಿದೆ ಎಂದು ನೀವು ಸ್ಕ್ಯಾನರನ್ನು ಬೈಯುತ್ತಿದ್ದಿರಿ. ಬ್ಯಾಶ್‌ನಲ್ಲಿ ಟೈಪ್ ಕಮಾಂಡ್‌ಗೆ ಎ ಆಯ್ಕೆ ಕೊಟ್ಟು ಟೆಸರಾಕ್ಟ್ ಎಂದು ಬರೆದರೆ, ಆ ಹೆಸರಿನವು ಎಷ್ಟಿವೆ, ಯಾವುದು ಮೊದಲು ಎಂದು ಸಾಲಾಗಿ ತೋರಿಸುತ್ತದೆ. ಒಮ್ಮೆ ನೋಡಿಬಿಡಿ.

ಪ್ರಶ್ನೆ: ತಾಳಮದ್ದಳೆಯ ಉದ್ದ ರೆಕಾರ್ಡಿಂಗ್‌ಗಳನ್ನು ತುಂಡು ಮಾಡಲು ಪೈಥಾನ್‌ನಲ್ಲಿ ಒಂದು ಸಣ್ಣ ಕಮಾಂಡ್‌ಲೈನ್ ಟೂಲ್ ಬರೆದಿದ್ದೇನೆ. ಒಳಗೆ ಆಡಿಯೊ, ವಿಡಿಯೊ ಕತ್ತರಿಸುವ ಎಫ್‌ಎಫ್‌ಎಂಪೆಗ್ ಎಂಬ ಪ್ರೋಗ್ರಾಂ ಕರೆಯುತ್ತೇನೆ. ನನ್ನಲ್ಲಿ ಓಡುತ್ತದೆ, ಗೆಳೆಯನ ವಿಂಡೋಸ್‌ನಲ್ಲಿ ಓಡುವುದಿಲ್ಲ. ಎಫ್‌ಎಫ್‌ಎಂಪೆಗ್ ಎಲ್ಲಿದೆ ಎಂದು ನನ್ನ ಟೂಲ್ ಹೇಗೆ ಹುಡುಕಬೇಕು?
— ವಿದ್ಯಾರ್ಥಿ, ಪುತ್ತೂರು

ಉತ್ತರ: ಊಹೆ ಮಾಡುತ್ತಾ ಡಿಸ್ಕ್ ಎಲ್ಲ ಜಾಲಾಡಬೇಡಿ. ಬಳಸುವವರು ಸ್ಪಷ್ಟವಾಗಿ ಹೇಳಿದ್ದರೆ ಅದೇ ಮೊದಲು. ಅದಕ್ಕೊಂದು ಆಯ್ಕೆ ಇಡಿ. ಯೂಟ್ಯೂಬ್ ವಿಡಿಯೊ ಇಳಿಸುವ ವೈಟಿ-ಡಿಎಲ್‌ಪಿಯಲ್ಲಿ ಎಫ್‌ಎಫ್‌ಎಂಪೆಗ್ ಲೊಕೇಶನ್ ಎಂಬ ಆಯ್ಕೆ ಇರುವುದು ಇದಕ್ಕೇ. ಅದು ಕೊಡದಿದ್ದರೆ ನಿಮ್ಮ ಟೂಲ್‌ನದ್ದೇ ಹೆಸರಿನ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ನೋಡಿ. ಅದೂ ಇಲ್ಲದಿದ್ದರೆ ಪಾತ್. ಕೋಡ್‌ನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್ ತನ್ನ ಎಡಿಟರ್ ಹುಡುಕುವುದೂ ಹೀಗೇ: ಗಿಟ್ ಎಡಿಟರ್ ವೇರಿಯಬಲ್, ಕಾನ್ಫಿಗ್‌ನ ಕೋರ್ ಎಡಿಟರ್, ವಿಶುವಲ್, ಎಡಿಟರ್, ಯಾವುದೂ ಇಲ್ಲದಿದ್ದರೆ ವಿಐ. ಕಮಿಟ್ ಮಾಡಲು ಹೋಗಿ ವಿಐ ಒಳಗೆ ಸಿಕ್ಕಿಹಾಕಿಕೊಂಡವರಿಗೆ ಆ ಕೊನೆಯ ಹಂತ ಚೆನ್ನಾಗಿ ಗೊತ್ತು.

ಪಾತ್‌ನಲ್ಲಿ ಹುಡುಕಲು ಪೈಥಾನ್‌ನಲ್ಲಿ ಶಟಿಲ್ ಮಾಡ್ಯೂಲ್‌ನ ವಿಚ್ ಇದೆ. ಸಿಗದಿದ್ದರೆ ನನ್ ಕೊಡುತ್ತದೆ. ಇದನ್ನು ಟೂಲ್ ಶುರುವಾದ ಕೂಡಲೇ ಮಾಡಿ. ಅರ್ಧ ಕೆಲಸ ಆದಮೇಲೆ ಎಫ್‌ಎಫ್‌ಎಂಪೆಗ್ ಇಲ್ಲ ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಎರರ್ ಸಂದೇಶದಲ್ಲಿ ಯಾವ ಹೆಸರು ಹುಡುಕಿದೆ, ಎಲ್ಲೆಲ್ಲಿ ನೋಡಿದೆ ಎಂದೂ ಬರೆಯಿರಿ. ಬರೀ "ಏನೋ ತಪ್ಪಾಗಿದೆ" ಎನ್ನುವ ಟೂಲ್‌ಗಳು ನನಗೆ ಆಗಿಬರುವುದಿಲ್ಲ.

ನೀವು ಕಳಿಸಿದ ಕೋಡ್‌ನಲ್ಲಿ ಶೆಲ್ ಟ್ರೂ ಎಂದು ಕೊಟ್ಟು, ಇಡೀ ಕಮಾಂಡನ್ನು ಒಂದೇ ಸ್ಟ್ರಿಂಗ್ ಮಾಡಿದ್ದೀರಿ. ಅದು ಬೇಡ. "ಮಳೆಗಾಲದ ಕೂಟ; ಭಾಗ 2" ಎಂಬ ಫೈಲ್ ಬಂತೆನ್ನಿ. ಲಿನಕ್ಸ್‌ನಲ್ಲಿ ಶೆಲ್ ಆ ಅರ್ಧವಿರಾಮದ ಹತ್ತಿರ ಕಮಾಂಡ್ ಮುಗಿಯಿತು ಎಂದುಕೊಳ್ಳುತ್ತದೆ. ಮುಂದಿನ "ಭಾಗ" ಅನ್ನೋದನ್ನು ಇನ್ನೊಂದು ಪ್ರೋಗ್ರಾಂ ಹೆಸರು ಅಂತ ಹುಡುಕಲು ಹೊರಡುತ್ತದೆ. ಇದು ನಗುವ ವಿಷಯ. ಯಾರೋ ಬೇಕಂತಲೇ ಅಲ್ಲಿ ಫೈಲ್ ಅಳಿಸುವ ಕಮಾಂಡ್ ಇಟ್ಟರೆ ನಗು ಬರುವುದಿಲ್ಲ. ಸಬ್‌ಪ್ರೊಸೆಸ್ ರನ್‌ಗೆ ಪಟ್ಟಿ ಕೊಡಿ: ಮೊದಲು ವಿಚ್‌ನಿಂದ ಸಿಕ್ಕ ಪೂರ್ತಿ ವಿಳಾಸ, ಆಮೇಲೆ ಒಂದೊಂದೇ ಆರ್ಗ್ಯುಮೆಂಟ್. ನಡುವೆ ಶೆಲ್ ಬರುವುದೇ ಇಲ್ಲ.

ಗೆಳೆಯನ ವಿಂಡೋಸ್‌ನಲ್ಲಿ ಬಹುಶಃ ಎಫ್‌ಎಫ್‌ಎಂಪೆಗ್‌ನ ಜಿಪ್ ಬಿಚ್ಚಿಟ್ಟು, ಅದರ ಬಿನ್ ಫೋಲ್ಡರನ್ನು ಪಾತ್‌ಗೆ ಸೇರಿಸಿಲ್ಲ. ಸೇರಿಸಿದ ಮೇಲೆ ಟರ್ಮಿನಲ್ ಮುಚ್ಚಿ ಹೊಸದು ತೆರೆಯಬೇಕು, ಹಳೆಯ ಕಿಟಕಿಗೆ ಹಳೆಯ ಪಾತೇ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ಪಾತ್‌ಗಿಂತ ಮೊದಲು ನಾವು ನಿಂತಿರುವ ಫೋಲ್ಡರನ್ನೇ ನೋಡುತ್ತದೆ ಅನ್ನೋದೂ ನೆನಪಿರಲಿ. ಡೌನ್‌ಲೋಡ್ಸ್ ಒಳಗೆ ನಿಂತು ಕರೆದರೆ, ಅಲ್ಲಿ ಅದೇ ಹೆಸರಿನ ಯಾವುದೋ ಇಎಕ್ಸ್‌ಇ ಬಿದ್ದಿದ್ದರೆ ಅದೇ ಓಡೀತು. ಗೋ ಭಾಷೆಯವರು 2022ರ 1.19 ಆವೃತ್ತಿಯಿಂದ, ಹೀಗೆ ಬರೀ ಹೆಸರಿಗೆ ನಿಂತ ಫೋಲ್ಡರಿನಲ್ಲಿ ಸಿಕ್ಕಿದ್ದನ್ನು ಓಡಿಸದೆ ಎರರ್ ಕೊಡುವಂತೆ ಮಾಡಿದರು. ಒಳ್ಳೆಯ ಕೆಲಸ ಅಂತಲೇ ನನ್ನ ಅಭಿಪ್ರಾಯ.

ಪ್ರಶ್ನೆ: ಗಿಟ್‌ಗೆ ನಮ್ಮದೇ ಸಬ್‌ಕಮಾಂಡ್ ಸೇರಿಸಬಹುದಂತೆ, ಹೌದಾ? ಕನ್ನಡ ಹೆಸರು ಇಡಬಹುದಾ?
— ಓದುಗರು, ಮೈಸೂರು

ಉತ್ತರ: ಎರಡಕ್ಕೂ ಹೌದು. ಗಿಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಅಡ್ಡಗೆರೆ ಹಾಕಿ, ಆಮೇಲೆ ಲೆಕ್ಕ ಎಂದು ಕನ್ನಡ ಲಿಪಿಯಲ್ಲೇ ಸೇರಿಸಿದ ಹೆಸರಿನ ಒಂದು ಸ್ಕ್ರಿಪ್ಟ್ ಮಾಡಿ. ಅದಕ್ಕೆ ಓಡುವ ಅನುಮತಿ ಕೊಟ್ಟು ಪಾತ್‌ನ ಯಾವುದಾದರೂ ಫೋಲ್ಡರಿನಲ್ಲಿಡಿ. ಲಿನಕ್ಸ್‌ನಲ್ಲಿ ಗಿಟ್ ಬರೆದು ಜಾಗ ಬಿಟ್ಟು ಲೆಕ್ಕ ಎಂದರೆ ಓಡುತ್ತದೆ. ರಸ್ಟ್‌ನ ಕಾರ್ಗೊ, ಕುಬರ್ನೆಟಿಸ್‌ನ ಕ್ಯೂಬ್‌ಸಿಟಿಎಲ್ ಕೂಡ ಇದೇ ಅಡ್ಡಗೆರೆಯ ಪದ್ಧತಿಯವು.

ಗಿಟ್‌ನ ಸ್ವಂತ ಸಹಾಯಕ ಪ್ರೋಗ್ರಾಂಗಳೂ ಮೊದಲು ಹೀಗೆ ಪಾತ್‌ನಲ್ಲೇ ಗುಂಪುಗುಂಪಾಗಿ ಇರುತ್ತಿದ್ದವು. 2008ರ 1.6.0 ಆವೃತ್ತಿಯಲ್ಲಿ ಅವನ್ನು ಬೇರೆ ಫೋಲ್ಡರಿಗೆ ಸಾಗಿಸಿದರು. ಗಿಟ್‌ಗೆ ಎಕ್ಸೆಕ್ ಪಾತ್ ಆಯ್ಕೆ ಕೊಟ್ಟರೆ ಆ ಫೋಲ್ಡರ್ ಯಾವುದು ಅಂತ ತೋರಿಸುತ್ತದೆ. ಗಿಟ್‌ನಲ್ಲಿ ಆಗಲೇ ಇರುವ ಕಮಾಂಡ್‌ನ ಹೆಸರು ಇಡಬೇಡಿ, ನಿಮ್ಮದು ಓಡುವುದೇ ಇಲ್ಲ. ಹಾಗೇ, ನಿಮ್ಮ ಲೆಕ್ಕಕ್ಕೆ ಹೆಲ್ಪ್ ಆಯ್ಕೆ ಕೊಟ್ಟರೆ ಗಿಟ್ ಅದನ್ನು ಸ್ಕ್ರಿಪ್ಟ್‌ವರೆಗೆ ಬಿಡದೆ ಮ್ಯಾನ್ ಪುಟ ಹುಡುಕಲು ಹೋಗುತ್ತದೆ. ಸಹಾಯದ ಸಾಲುಗಳನ್ನು ಒಂದೇ ಅಡ್ಡಗೆರೆಯ ಎಚ್ ಆಯ್ಕೆಗೆ ಇಟ್ಟುಕೊಳ್ಳಿ.